ನಾಯಿಯ ಅಂಗಾಲಿನ ಗಾಯಕ್ಕೆ ತಂದ ಬೂಟು: ಆರು ತಿಂಗಳ ಬಳಕೆಯ ನಂತರ

ಮೊದಲು ದೂರು ಹೇಳಿಬಿಡುತ್ತೇನೆ. ಈ ಬೂಟಿನ ಡಬ್ಬದ ಮೇಲೆ ‘ದಿನವಿಡೀ ಹಾಕಿಡಬಹುದು’ ಅಂತ ದಪ್ಪಕ್ಷರದಲ್ಲಿ ಬರೆದಿದೆ. ಅದನ್ನು ನಂಬಿದ್ದಕ್ಕೆ ನಮ್ಮ ರಾಣಿಯ ಗಾಯ ವಾಸಿಯಾಗುವುದು ಒಂದು ವಾರ ಹಿಂದೆ ಬಿತ್ತು. ಗಾಯಕ್ಕೆಂದೇ ಮಾರುವ ವಸ್ತುವಿನ ಮೇಲೆ ಹೀಗೆ ಬರೆಯಬಾರದು.

ರಾಣಿಗೆ ಆರು ವರ್ಷ. ಗಾಜಿನ ಚೂರು ತುಳಿದು ಮುಂದಿನ ಬಲಗಾಲಿನ ದೊಡ್ಡ ಮೆತ್ತೆ ಅಡ್ಡಕ್ಕೆ ಸೀಳಿತ್ತು. ಅಂಗಾಲು ಕುಯ್ದರೆ ಎಷ್ಟು ರಕ್ತ ಬರುತ್ತದೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಬಾಗಿಲಿಂದ ಅವಳ ಹಾಸಿಗೆಯವರೆಗೂ ಕೆಂಪು ಹೆಜ್ಜೆ. ಬಟ್ಟೆ ಒತ್ತಿ ಹಿಡಿದುಕೊಂಡೇ ಪಶುವೈದ್ಯರ ಹತ್ತಿರ ಓಡಿದೆವು. ಸಲೈನ್‌ನಲ್ಲಿ ತೊಳೆದು, ಒಳಗೆ ಚೂರು ಉಳಿದಿಲ್ಲ ಅಂತ ಖಚಿತ ಮಾಡಿಕೊಂಡು, ಐದು ಹೊಲಿಗೆ ಹಾಕಿದರು. ಬೇರೆ ಕಡೆ ಆದ ಗಾಯ ತನ್ನ ಪಾಡಿಗೆ ಇರುತ್ತದೆ. ಇದರ ಮೇಲೆ ಮೈಭಾರ ಬೀಳುತ್ತದೆ. ಕಾಲೂರಿದಾಗಲೆಲ್ಲ ಮೆತ್ತೆ ಚಪ್ಪಟೆಯಾಗಿ ಹರಡುತ್ತದೆ, ಸೀಳಿನ ಅಂಚುಗಳು ದೂರ ಸರಿಯುತ್ತವೆ. ಅದಕ್ಕೇ ಆಳವಾದ ಸೀಳು ಕೂಡಲು ಎರಡು ಮೂರು ವಾರ, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕಾಗುತ್ತದೆ.

ಬ್ಯಾಂಡೇಜ್ ಒದ್ದೆಯಾಗಬಾರದು ಅಂದಿದ್ದರು. ಸರಿ, ಈ ಬೂಟು ತರಿಸಿದೆ. ರಬ್ಬರ್ ಅಡಿ, ನೀರು ಇಳಿಯದ ಬಟ್ಟೆ, ಮೇಲೆ ವೆಲ್ಕ್ರೋ ಪಟ್ಟಿ. ಹಾಕಿದ ಮೊದಲ ದಿನ ಅವಳು ಕುಂಟದೆ ನಡೆದಳು. ನೋಡಿ ಎಷ್ಟು ಸಮಾಧಾನ ಆಯಿತು ಅಂದರೆ, ರಾತ್ರಿಯೂ ಬಿಚ್ಚಲಿಲ್ಲ.

ಎರಡನೇ ದಿನ ಬ್ಯಾಂಡೇಜ್ ಬದಲಿಸಲು ಬಿಚ್ಚಿದೆ. ಹೊರಗಿನ ನೀರು ಒಂದು ಹನಿಯೂ ಒಳಗೆ ಹೋಗಿರಲಿಲ್ಲ. ಆದರೂ ಗಾಯದ ಮೇಲೆ ಸುತ್ತಿದ್ದ ತೆಳು ಬ್ಯಾಂಡೇಜ್ ಬಟ್ಟೆ ಹಿಂಡುವಷ್ಟು ಒದ್ದೆ. ಮೆತ್ತೆಯ ಸುತ್ತ ಚರ್ಮ ಬೆಳ್ಳಗೆ ಮುದುಡಿಕೊಂಡಿತ್ತು, ತುಂಬಾ ಹೊತ್ತು ಬಟ್ಟೆ ಒಗೆದ ಮೇಲೆ ನಮ್ಮ ಬೆರಳ ತುದಿ ಆಗುತ್ತದಲ್ಲ, ಹಾಗೆ. ಒಂದು ಹೊಲಿಗೆ ಜಾರಿತ್ತು. ಹುಳಿ ವಾಸನೆ ಬೇರೆ.

ಡಾಕ್ಟರು ಬೂಟನ್ನು ಕೈಯಲ್ಲಿ ತಿರುಗಿಸಿ ನೋಡಿ, ‘ನಾಯಿ ಬೆವರೋದೇ ಅಂಗಾಲಲ್ಲಿ. ಆ ಬೆವರು ಎಲ್ಲಿಗೆ ಹೋಗಬೇಕು ಹೇಳಿ?’ ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಡಬ್ಬದ ಮೇಲೆ ಬರೆದವರಿಗೆ ಇದು ಗೊತ್ತಿರಬೇಕಿತ್ತು ಅಲ್ವಾ?

ಅವತ್ತೇ ಬೂಟು ಎಸೆಯುವ ಕೋಪ ಬಂದಿತ್ತು. ಅವರೇ ತಡೆದರು. ಹೊರಗೆ ಹೋಗುವಾಗ ಮಾತ್ರ ಹಾಕಿ, ಹತ್ತು ಹದಿನೈದು ನಿಮಿಷ ಸಾಕು, ಬಂದ ತಕ್ಷಣ ಬಿಚ್ಚಿ ಎಂದರು. ಅಲ್ಲಿಂದ ಈ ಬೂಟಿನ ಮೇಲೆ ನನ್ನ ಅಭಿಪ್ರಾಯ ನಿಧಾನವಾಗಿ ಬದಲಾಯಿತು.

ಬೆಳಗ್ಗೆ ಏಳುತ್ತಲೇ ನಾನು ನೆಲದ ಮೇಲೆ ಕೂರುತ್ತಿದ್ದೆ. ವೆಲ್ಕ್ರೋ ಪರ್ರ್ ಅಂದರೆ ಸಾಕು, ರಾಣಿ ಬಂದು ಬಲಗಾಲನ್ನು ನನ್ನ ಮಂಡಿಯ ಮೇಲೆ ಇಡುತ್ತಿದ್ದಳು. ಮೊದಲು ಬ್ಯಾಂಡೇಜ್ ತುದಿಯಲ್ಲಿ ಕಾಣುವ ನಡುವಿನ ಎರಡು ಉಗುರು ನೋಡುವುದು. ಅವು ಒಂದಕ್ಕೊಂದು ಹತ್ತಿರ ಇದ್ದರೆ ಸರಿ. ದೂರ ಸರಿದಿದ್ದರೆ ಪಾದ ಊದಿದೆ, ಕಟ್ಟು ಬಿಗಿಯಾಗಿದೆ ಅಂತ ಅರ್ಥ. ಆಮೇಲೆ ಮೂಗು ಹತ್ತಿರ ತಂದು ವಾಸನೆ ನೋಡುವುದು. ಕಟ್ಟು ಬದಲಿಸುವ ದಿನ ಬೆರಳ ಸಂದಿಯಲ್ಲಿ ಒಣಗಿದ ಹತ್ತಿಯ ಸಣ್ಣ ಉಂಡೆ ಇಡುತ್ತಿದ್ದೆ, ಅಲ್ಲಿನ ಬೆವರು ಅದು ಹೀರಲಿ ಅಂತ. ಇಷ್ಟಾದ ಮೇಲೆ ಬೂಟು, ಆಮೇಲೆ ಹೊರಗೆ. ವಾಪಸ್ ಬಂದರೆ ಕುತ್ತಿಗೆ ಬೆಲ್ಟ್‌ಗಿಂತ ಮೊದಲು ಬೂಟು ಬಿಚ್ಚುವುದು. ಒಳಭಾಗ ಹೊರಕ್ಕೆ ತಿರುಗಿಸಿ ಫ್ಯಾನ್ ಕೆಳಗೆ ಇಡುವುದು. ಸಂಜೆಯ ಹೊತ್ತಿಗೆ ಗರಿಗರಿಯಾಗಿ ಒಣಗಿರುತ್ತಿತ್ತು.

ಮನೆಯೊಳಗೆ ಗಾಯ ನೆಕ್ಕದಂತೆ ಕುತ್ತಿಗೆಗೆ ಕೋನ್, ಅಂದರೆ ತಲೆಯ ಸುತ್ತ ನಿಲ್ಲುವ ಆಲಿಕೆಯಂಥ ಪಟ್ಟಿ, ಬೇಕೇ ಬೇಕು. ಆ ಕೆಲಸ ಬೂಟು ಮಾಡುವುದಿಲ್ಲ, ಹತ್ತು ನಿಮಿಷದಲ್ಲಿ ಪಟ್ಟಿ ಕಚ್ಚಿ ಎಳೆಯುತ್ತಾಳೆ. ಇನ್ನೊಂದು ಮಾತು. ನೋವು ಅಂತ ಮನುಷ್ಯರ ಮಾತ್ರೆ ಕೊಡಬೇಡಿ, ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಎರಡೂ ನಾಯಿಗೆ ಅಪಾಯ. ಹೈಡ್ರೋಜನ್ ಪೆರಾಕ್ಸೈಡ್‌ನಿಂದ ದಿನಾ ತೊಳೆಯುವುದೂ ಬೇಡ, ಕೂಡುತ್ತಿರುವ ಚರ್ಮವನ್ನೇ ಅದು ಸುಡುತ್ತದೆ.

ಹತ್ತೊಂಬತ್ತನೇ ದಿನ ಹೊಲಿಗೆ ತೆಗೆದರು. ಒಳಗಿನ ಹೊಸ ಚರ್ಮ ಗುಲಾಬಿ ಬಣ್ಣ, ಮುಟ್ಟಿದರೆ ನಯ. ಗಾಯ ಮುಚ್ಚಿತು ಅಂತ ಓಡಲು ಬಿಡುವ ಆಸೆ ಆಗುತ್ತದೆ, ಬಿಡಬಾರದು. ಮೆತ್ತೆಯ ಒರಟು ಹೊರಪದರ ದಪ್ಪಗಾಗುವವರೆಗೆ, ಅಂದರೆ ಇನ್ನೂ ಎರಡು ವಾರ, ಹೊರಗೆ ಹೋಗುವಾಗ ಬೂಟು ಹಾಕಿದೆ. ಅದರ ನಿಜವಾದ ಉಪಯೋಗ ಕಂಡಿದ್ದು ಆ ಎರಡು ವಾರದಲ್ಲಿ. ಜಲ್ಲಿಕಲ್ಲಿನ ಮೇಲೂ ಅವಳು ಹಿಂಜರಿಯಲಿಲ್ಲ.

ಅಳತೆ ಬಗ್ಗೆ ಜಾಗ್ರತೆ. ನಾಯಿಯನ್ನು ಕಾಗದದ ಮೇಲೆ ನಿಲ್ಲಿಸಿ, ಭಾರ ಬಿಟ್ಟ ಪಾದದ ಸುತ್ತ ಗೆರೆ ಎಳೆಯಿರಿ. ಕಾಲು ಎತ್ತಿ ಹಿಡಿದು ಅಳೆದರೆ ಚಿಕ್ಕದು ಬರುತ್ತದೆ. ಬ್ಯಾಂಡೇಜ್ ಮೇಲೆ ಹಾಕುವುದಾದರೆ ಒಂದು ಸೈಜ್ ದೊಡ್ಡದು ಬೇಕು. ನನಗೆ ಮೊದಲು ಬಂದಿದ್ದು ಬಿಗಿಯಾಗಿ, ಬದಲಾಯಿಸಿಕೊಂಡೆ.

ಬೇಕಾಗಿದ್ದು ಒಂದೇ ಬೂಟು, ಮಾರುವುದು ನಾಲ್ಕರ ಸೆಟ್. ಲೆಕ್ಕ ಹಾಕಿ ಖರ್ಚು ಮಾಡುವ ನನ್ನಂಥವರಿಗೆ ಇದು ಭಾರ. ಆರು ತಿಂಗಳಾದರೂ ಅಡಿಯ ರಬ್ಬರ್ ಸವೆದಿಲ್ಲ, ಅದನ್ನು ಒಪ್ಪಲೇಬೇಕು. ವೆಲ್ಕ್ರೋದಲ್ಲಿ ಕೂದಲು ಸಿಕ್ಕಿಕೊಂಡು ಹಿಡಿತ ಬಿಡುತ್ತದೆ. ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ವಾರಕ್ಕೊಮ್ಮೆ ಉಜ್ಜುತ್ತೇನೆ. ಒಂದು ಪಟ್ಟಿ ಕಿತ್ತು ಬಂದಿತ್ತು, ಕೈಯಲ್ಲೇ ಹೊಲಿದೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಡಬ್ಬದ ಮೇಲಿನ ಆ ಸಾಲು ತೆಗೆದರೆ ನಾಲ್ಕು.

ಈಗ ಬಿಸಿಲು ಜೋರಾದ ದಿನ ನಾಲ್ಕೂ ಬೂಟು ಕೆಲಸಕ್ಕೆ ಬರುತ್ತಿವೆ. ಅಂಗೈ ಹಿಂಭಾಗವನ್ನು ರಸ್ತೆಗೆ ಏಳು ಸೆಕೆಂಡು ಒತ್ತಿ ನೋಡುತ್ತೇನೆ, ತಡೆಯಲು ಆಗದಿದ್ದರೆ ಬೂಟು ಹಾಕಲು ವೆಲ್ಕ್ರೋ ಪಟ್ಟಿ ಬಿಚ್ಚುತ್ತೇನೆ. ಆ ಸದ್ದು ಕೇಳಿದರೆ ರಾಣಿ ಈಗಲೂ ಬಲಗಾಲನ್ನೇ ಮೊದಲು ಚಾಚುತ್ತಾಳೆ. ಮೆತ್ತೆಯ ನಡುವೆ ಒಂದು ತೆಳ್ಳನೆಯ ಗೆರೆ ಮಾತ್ರ ಉಳಿದಿದೆ.