ಬೆಳಗಿನ ಬಿಳಿ ಮಾತ್ರೆ ಮತ್ತು ಮಂಪರಿನ ಮದ್ದು: ಶಿವಮೊಗ್ಗದ ಒಂದು ಆಸ್ಪತ್ರೆಯ ಅರಿವಳಿಕೆ ಸೇವೆ

ಅಡಿಕೆ ತೋಟದ ಸಂಕ ದಾಟುವಾಗ ಜಾರಿ ಬಿದ್ದು ಮೊಣಕಾಲಿನ ಕೆಳಗಿನ ಮೂಳೆ ಮುರಿದುಕೊಂಡ ನಮ್ಮ ತಂದೆಯವರನ್ನು ಕಳೆದ ಆಷಾಢದಲ್ಲಿ ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಗೆ ಕರೆತಂದೆವು. ರಾಡ್ ಹಾಕಿದ ಸರ್ಜನ್ನರನ್ನು ಹೊಗಳುವವರು ಬೇಕಾದಷ್ಟಿದ್ದಾರೆ. ನಾನು ಬರೆಯುತ್ತಿರುವುದು ಅಲ್ಲಿನ ಅರಿವಳಿಕೆ ವಿಭಾಗದ ಬಗ್ಗೆ.

ಹಿಂದಿನ ಸಂಜೆ ವಾರ್ಡಿಗೆ ಬಂದ ಅರಿವಳಿಕೆ ತಜ್ಞೆ, ಬಿ.ಪಿ.ಗೆ ಯಾವ ಮಾತ್ರೆ ಎಂದು ವಿಚಾರಿಸಿದರು. 'ಬೆಳಿಗ್ಗೆ ಒಂದು ಬಿಳಿ ಮಾತ್ರೆ' ಎಂಬ ತಂದೆಯವರ ಉತ್ತರಕ್ಕೆ ಸುಮ್ಮನಾಗದೆ ಚೀಟಿ ತರಿಸಿ ನೋಡಿದರು. ಅದು ಮೆಟೊಪ್ರೊಲಾಲ್, ಎದೆಬಡಿತವನ್ನು ನಿಧಾನಗೊಳಿಸುವ ಮದ್ದು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದಾಗಲೂ ಬಿ.ಪಿ. ಇಳಿದು ಬಡಿತ ತಗ್ಗಬಹುದು. ಮಂಪರಿಗೆಂದು ಕೊಡುವ ಡೆಕ್ಸ್‌ಮೆಡಿಟೊಮಿಡಿನ್ ಕೂಡ ಅದನ್ನೇ ಮಾಡುತ್ತದೆ. ಹಾಗಿದ್ದರೆ ಅದೇ ಏಕೆ ಎಂದು ಕೇಳಿದೆ. ತಂದೆಯವರದು ಭಾರೀ ಗೊರಕೆ. ಮಂಪರಿಗೆ ಕೊಡುವ ಇನ್ನೊಂದು ಮದ್ದಾದ ಮಿಡಜೋಲಾಮ್ ಉಸಿರಾಟವನ್ನು ಹೆಚ್ಚು ಕುಗ್ಗಿಸಬಹುದು, ಇದರಲ್ಲಿ ಆ ಭಯ ಕಡಿಮೆ, ಕರೆದರೆ ಕಣ್ಣು ಬಿಡುತ್ತಾರೆ ಎಂದರು. ಸಾಮಾನ್ಯವಾಗಿ ಮೊದಲ 10 ನಿಮಿಷದಲ್ಲಿ ದೇಹತೂಕದ ಪ್ರತಿ ಕಿಲೋಗೆ 1 ಮೈಕ್ರೋಗ್ರಾಂ ಕೊಡುವ ಪದ್ಧತಿಯನ್ನು ಬಿಟ್ಟು, ನೇರವಾಗಿ ಪಂಪಿನಲ್ಲಿ ಸಣ್ಣ ಪ್ರಮಾಣದಿಂದಲೇ ಆರಂಭಿಸುವುದಾಗಿ ತಿಳಿಸಿದರು. ಬೆಳಗಿನ ಮಾತ್ರೆಯನ್ನು ತಪ್ಪಿಸದೆ ಒಂದು ಗುಟುಕು ನೀರಿನಲ್ಲಿ ಕೊಡಬೇಕೆಂದೂ, ಅದನ್ನು ಥಟ್ಟನೆ ನಿಲ್ಲಿಸಿದರೆ ಬಡಿತ ಏರಿ ತೊಂದರೆಯಾದೀತೆಂದೂ ಎಚ್ಚರಿಸಿದರು. ನಾವೋ, ಖಾಲಿ ಹೊಟ್ಟೆಯೆಂದರೆ ಮಾತ್ರೆಯೂ ಇಲ್ಲ ಎಂದುಕೊಂಡಿದ್ದೆವು.

ಐದೈದು ನಿಮಿಷಕ್ಕೊಮ್ಮೆ ಗುರುತು ಹಾಕಿದ ಹಾಳೆಯನ್ನು ಮರುದಿನ ಕೇಳಿ ನೋಡಿದೆ: 64ರಲ್ಲಿದ್ದ ನಾಡಿ 52ಕ್ಕಿಂತ ಕೆಳಗಿಳಿದಿರಲಿಲ್ಲ, ಬಡಿತ ತೀರಾ ತಗ್ಗಿದರೆ ಏರಿಸಲೆಂದು ಸಿರಿಂಜಿಗೆ ಎಳೆದಿಟ್ಟಿದ್ದ ಅಟ್ರೋಪಿನ್ ಬೇಕಾಗಿರಲಿಲ್ಲ. ಡ್ರಿಲ್ಲಿನ ಸದ್ದು ಎಲ್ಲೋ ದೂರದಲ್ಲಿ ಮರ ಕೊಯ್ಯುವಂತೆ ಕೇಳುತ್ತಿತ್ತೆಂದು ತಂದೆಯವರು ಈಗಲೂ ಹೇಳುತ್ತಾರೆ.

ಇಷ್ಟು ಜತನದ ಕೆಲಸಕ್ಕೆ ಕಚೇರಿಯ ಕಡೆಯಿಂದ ತಕ್ಕ ಜೊತೆ ಸಿಗಲಿಲ್ಲ. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಬಿಲ್ಲಿನಲ್ಲಿ ಅರಿವಳಿಕೆಗೆ ಒಂದೇ ಸಾಲು, ಒಂದೇ ಮೊತ್ತ. ಅದಕ್ಕಿಂತ ದೊಡ್ಡ ಲೋಪವೆಂದರೆ, ಡಿಸ್ಚಾರ್ಜ್ ಪತ್ರದಲ್ಲಿ ಬೆನ್ನಿನ ಇಂಜೆಕ್ಷನ್ನಿನ ಉಲ್ಲೇಖವಿತ್ತೇ ಹೊರತು ಮಂಪರಿನ ಮದ್ದಿನ ಹೆಸರಾಗಲಿ, ನಾಡಿ ಎಷ್ಟಕ್ಕೆ ಇಳಿದಿತ್ತೆಂಬುದಾಗಲಿ ಇರಲಿಲ್ಲ. ಮುಂದಿನ ವರ್ಷ ರಾಡ್ ತೆಗೆಸಬೇಕಾಗಿ ಬಂದರೆ ಆಗಿನ ವೈದ್ಯರು ಮೊದಲು ಕೇಳುವುದೇ ಅದನ್ನು. ಎರಡು ಸಲ ಕೌಂಟರಿಗೆ ಅಲೆದ ಮೇಲೆ ಆ ತಜ್ಞೆಯೇ ಬಂದು, ಪತ್ರದ ಹಿಂಬದಿಯಲ್ಲಿ ಕೈಯಾರೆ ಬರೆದು ಸಹಿ ಹಾಕಿಕೊಟ್ಟರು.