ಹೆರಿಗೆ ವಾರ್ಡಿಗೊಂದು ಬಿಪಿ ಯಂತ್ರ: ಮೈಕ್ರೋಲೈಫ್ ಕ್ರೇಡಲ್ ವಿಎಸ್‌ಎ

ಗರ್ಭಿಣಿಯರನ್ನೂ ಬಾಣಂತಿಯರನ್ನೂ ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ಬಿಪಿ ಯಂತ್ರಗಳು ಬಹಳ ಕಡಿಮೆ. ಅವುಗಳಲ್ಲಿ ಮೈಕ್ರೋಲೈಫ್ ಕ್ರೇಡಲ್ ವಿಎಸ್‌ಎ ನನ್ನ ದೃಷ್ಟಿಯಲ್ಲಿ ಅತ್ಯಂತ ವಿಚಾರಪೂರ್ವಕವಾಗಿ ತಯಾರಾದದ್ದು. ಲಂಡನ್ನಿನ ಕಿಂಗ್ಸ್ ಕಾಲೇಜಿನ ಪ್ರಸೂತಿ ತಜ್ಞ ಆಂಡ್ರ್ಯೂ ಶೆನ್ನನ್ ಅವರ ತಂಡ ಇದರ ಹಿಂದಿದೆ. ಇದರ ದೊಡ್ಡ ಕ್ಷೇತ್ರ ಪರೀಕ್ಷೆ ನಡೆದ ಹತ್ತು ಸ್ಥಳಗಳಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಗೋಕಾಕವೂ ಒಂದು. ಹೆರಿಗೆ ವಾರ್ಡಿನ ಸಿಬ್ಬಂದಿಗೆ ತರಬೇತಿ ಕೊಡುವ ಕೆಲಸದಲ್ಲಿರುವ ನನಗೆ ಇದನ್ನು ಬಳಸಿ ನೋಡುವ ಅವಕಾಶ ಸಿಕ್ಕಿದೆ. ಈ ಯಂತ್ರದ ಗುಣಗಳೂ ಕೊರತೆಗಳೂ ಗರ್ಭಿಣಿಯ ದೇಹ ಕೆಲಸ ಮಾಡುವ ಬಗೆಯೊಡನೆ ಹೆಣೆದುಕೊಂಡಿರುವುದರಿಂದ, ಆ ವಿಷಯವನ್ನು ಬಿಟ್ಟು ಬರೀ ಗುಂಡಿ, ಬ್ಯಾಟರಿಗಳ ಬಗ್ಗೆ ಬರೆದರೆ ಓದಿದವರಿಗೆ ಪ್ರಯೋಜನವಾಗದು.

ಕೈಗೆ ಬರುವ ವಸ್ತು ಸರಳವಾಗಿದೆ. ಒಂದು ಸಣ್ಣ ಪೆಟ್ಟಿಗೆ, ತೋಳಿಗೆ ಸುತ್ತುವ ಪಟ್ಟಿ ಮತ್ತು ಗಾಳಿ ತುಂಬುವ ರಬ್ಬರ್ ಬಲ್ಬ್, ಇಷ್ಟೇ. ಗಾಳಿ ತುಂಬಲು ಮೋಟಾರ್ ಇಲ್ಲ, ಕೈಯಿಂದಲೇ ಒತ್ತಬೇಕು. ಒತ್ತುವುದನ್ನು ನಿಲ್ಲಿಸಿದ ಮೇಲೆ ಗಾಳಿ ತಾನಾಗಿ ಇಳಿಯುತ್ತದೆ, ಯಂತ್ರ ಅಳೆಯುತ್ತದೆ. ಇದನ್ನು ಹಳೆಯ ಕಾಲದ ವ್ಯವಸ್ಥೆಯೆಂದು ತಳ್ಳಿಹಾಕುವವರಿದ್ದಾರೆ, ಆದರೆ ಮೋಟಾರ್ ಇಲ್ಲದಿರುವುದೇ ಇದರ ಬಲ. ಬ್ಯಾಟರಿ ಬಹಳ ಕಾಲ ಬರುತ್ತದೆ, ಮುಗಿದರೆ ಮೊಬೈಲಿನ ಮೈಕ್ರೋ ಯುಎಸ್‌ಬಿ ಚಾರ್ಜರ್ ಸಾಕು, ಕರೆಂಟ್ ಹೋದ ರಾತ್ರಿಯಲ್ಲೂ ಉಪಕೇಂದ್ರದಲ್ಲಿ ಕೆಲಸ ನಿಲ್ಲುವುದಿಲ್ಲ. ಬೆಲೆ 20 ಡಾಲರ್ ಆಸುಪಾಸಿನಲ್ಲಿರಬೇಕೆಂಬ ಲೆಕ್ಕದಲ್ಲೇ ಇದನ್ನು ವಿನ್ಯಾಸ ಮಾಡಲಾಗಿತ್ತು.

ಇದರ ವಿಶೇಷವಿರುವುದು ಹಸಿರು, ಹಳದಿ, ಕೆಂಪು ದೀಪಗಳಲ್ಲಿ. ಹಳದಿ, ಕೆಂಪು ದೀಪಗಳಿಗೆ ಬಾಣದ ಗುರುತಿದೆ. ಮೇಲ್ಮುಖದ ಬಾಣ ಏರಿದ ರಕ್ತದೊತ್ತಡವನ್ನೂ ಕೆಳಮುಖದ ಬಾಣ ಶಾಕ್ ಸ್ಥಿತಿಯ, ಅಂದರೆ ಅಂಗಗಳಿಗೆ ಸಾಕಷ್ಟು ರಕ್ತ ತಲುಪದೆ ದೇಹ ಕುಸಿಯುವ ಸ್ಥಿತಿಯ, ಅಪಾಯವನ್ನೂ ಸೂಚಿಸುತ್ತದೆ. ಬಿಪಿ 140/90 ಮುಟ್ಟಿದರೆ ಹಳದಿ, ಮೇಲಿನ ಅಂಕಿ 160 ಅಥವಾ ಕೆಳಗಿನದು 110 ಆದರೆ ಕೆಂಪು. ಕೆಳಮುಖದ ಬಾಣಕ್ಕೆ ಯಂತ್ರ ಬೇರೆಯೇ ಲೆಕ್ಕ ಹಾಕುತ್ತದೆ. ನಾಡಿಬಡಿತದ ಸಂಖ್ಯೆಯನ್ನು ಬಿಪಿಯ ಮೇಲಿನ ಅಂಕಿಯಿಂದ ಭಾಗಿಸಿದಾಗ ಬರುವ ಶಾಕ್ ಸೂಚ್ಯಂಕ 0.9 ದಾಟಿದರೆ ಹಳದಿ, 1.7 ದಾಟಿದರೆ ಕೆಂಪು.

ಮೇಲ್ಮುಖದ ಬಾಣದ ಹಿಂದಿರುವುದು ಪ್ರಿ-ಎಕ್ಲಾಂಪ್ಸಿಯಾ, ಅಂದರೆ ಗರ್ಭಿಣಿಯರಲ್ಲಿ ಬಿಪಿ ಏರಿಸುವ ಕಾಯಿಲೆ. ಗರ್ಭ ನಿಂತ ಮೊದಲ ತಿಂಗಳುಗಳಲ್ಲಿ ಮಾಸಿನ ಜೀವಕೋಶಗಳು ಗರ್ಭಕೋಶದ ಸುರುಳಿ ಅಪಧಮನಿಗಳೊಳಗೆ ಸಾಗಿ, ಅವುಗಳ ಸ್ನಾಯುಪದರವನ್ನು ಕರಗಿಸಿ, ಅಗಲವಾದ ರಕ್ತನಾಳಗಳನ್ನಾಗಿ ಮಾರ್ಪಡಿಸಬೇಕು. ಈ ಕೆಲಸ ಅರ್ಧಕ್ಕೆ ನಿಂತರೆ ಮಾಸಿಗೆ ಸಾಕಷ್ಟು ರಕ್ತ ಹರಿಯದೆ, ಅದು ತಾಯಿಯ ರಕ್ತಕ್ಕೆ ಬಿಡುವ ಕೆಲವು ಪ್ರೋಟೀನುಗಳು ದೇಹದುದ್ದಕ್ಕೂ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತವೆ. ಬಿಪಿ ಏರುವುದು, ಮೂತ್ರದಲ್ಲಿ ಪ್ರೋಟೀನ್ ಹೋಗುವುದು, ಪ್ಲೇಟ್‌ಲೆಟ್ ಇಳಿಯುವುದು, ಯಕೃತ್ತು ನೋಯುವುದು, ಕಡೆಗೆ ಫಿಟ್ಸ್ ಬರುವುದು, ಇವೆಲ್ಲ ಆ ಒಂದೇ ಕೆಡುಕಿನ ಬೇರೆ ಬೇರೆ ಮುಖಗಳು. ಇಂಥ ತಾಯಂದಿರಲ್ಲಿ ರಕ್ತನಾಳಗಳ ಗೋಡೆ ಬಿಗಿಯಾಗಿ, ಅಂಗಾಂಶಗಳಲ್ಲಿ ನೀರು ತುಂಬಿಕೊಂಡಿರುವುದರಿಂದ, ಅಂಗಡಿಯಲ್ಲಿ ಸಿಗುವ ಎಷ್ಟೋ ಸ್ವಯಂಚಾಲಿತ ಯಂತ್ರಗಳು ನಿಜಕ್ಕಿಂತ ಕಡಿಮೆ ಬಿಪಿ ತೋರಿಸುತ್ತವೆ. ಅತಿ ಹೆಚ್ಚು ನಿಖರತೆ ಬೇಕಾದವರಲ್ಲಿಯೇ ಯಂತ್ರ ತಪ್ಪುವುದೆಂದರೆ ಎಷ್ಟು ಅಪಾಯವೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಕ್ರೇಡಲ್ ಯಂತ್ರವನ್ನು ಗರ್ಭಿಣಿಯರಲ್ಲಿ, ಅದರಲ್ಲೂ ಪ್ರಿ-ಎಕ್ಲಾಂಪ್ಸಿಯಾ ಇರುವವರಲ್ಲಿ ಪ್ರತ್ಯೇಕವಾಗಿ ಪರೀಕ್ಷಿಸಿ ಒಪ್ಪಲಾಗಿದೆ. ಬೇರೆ ಯಾವ ಯಂತ್ರ ಕೊಳ್ಳುವಾಗಲೂ ಆಸ್ಪತ್ರೆಯವರು ಮೊದಲು ಕೇಳಬೇಕಾದ ಪ್ರಶ್ನೆ ಇದೇ ಎಂದು ನಾನು ನಂಬಿದ್ದೇನೆ.

ಆದರೆ ನನಗೆ ಯಂತ್ರದ ಮೇಲೆ ಗೌರವ ಮೂಡಿದ್ದು ಕೆಳಮುಖದ ಬಾಣದಿಂದ. ದಿನ ತುಂಬುವ ಹೊತ್ತಿಗೆ ಗರ್ಭಿಣಿಯ ರಕ್ತದ ಪ್ರಮಾಣ ಶೇಕಡ 40ರಿಂದ 50ರಷ್ಟು ಹೆಚ್ಚಿರುತ್ತದೆ. ಗರ್ಭಕೋಶದ ಮೂಲಕ ನಿಮಿಷಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಾಸು ಬಿದ್ದ ಮೇಲೆ ಗರ್ಭಕೋಶ ಗಟ್ಟಿಯಾಗಿ ಮುದುಡಿಕೊಳ್ಳದಿದ್ದರೆ ಆ ಹರಿವೆಲ್ಲ ಹೊರಗೆ ಬರುತ್ತದೆ. ದೇಹ ಇದನ್ನು ಸುಮ್ಮನೆ ನೋಡುತ್ತಾ ಕೂರುವುದಿಲ್ಲ. ಕೈಕಾಲುಗಳ ರಕ್ತನಾಳಗಳನ್ನು ಬಿಗಿದು, ಹೃದಯವನ್ನು ಜೋರಾಗಿ ಓಡಿಸಿ, ಮಿದುಳಿಗೂ ಹೃದಯಕ್ಕೂ ರಕ್ತ ತಪ್ಪದಂತೆ ನೋಡಿಕೊಳ್ಳುತ್ತದೆ. ಹೀಗಾಗಿ ಒಂದು ಲೀಟರಿಗೂ ಮೀರಿ ರಕ್ತ ಹೋದ ಮೇಲೂ ಬಿಪಿಯ ಅಂಕಿ ನೋಡುವುದಕ್ಕೆ ಸರಿಯಾಗಿಯೇ ಇರಬಹುದು. ಆ ಅಂಕಿ ಬಿದ್ದಾಗ ದೇಹದ ಉಪಾಯಗಳೆಲ್ಲ ಮುಗಿದಿರುತ್ತವೆ.

ಒಂದು ಉದಾಹರಣೆ ನೋಡಿ. ಹೆರಿಗೆಯಾಗಿ ಮುಕ್ಕಾಲು ಗಂಟೆಯಾದ ಬಾಣಂತಿ, ಬಿಪಿ 104/66, ನಾಡಿ 118. ಬಿಪಿಯನ್ನಷ್ಟೇ ಕೇಸ್ ಶೀಟಿಗೆ ಬರೆದರೆ ರಾತ್ರಿ ಪಾಳಿಯ ಯಾರಿಗೂ ಗಾಬರಿಯಾಗುವುದಿಲ್ಲ. ಎರಡನ್ನೂ ಸೇರಿಸಿ ನೋಡಿದರೆ ಸೂಚ್ಯಂಕ 1.13. ಕ್ರೇಡಲ್‌ನಲ್ಲಿ ಹಳದಿ ಬಾಣ ಕೆಳಗೆ ತೋರುತ್ತದೆ. ಆಗ ಸೀರೆ ಸರಿಸಿ ಪ್ಯಾಡ್ ನೋಡಬೇಕು, ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶ ಚೆಂಡಿನಂತೆ ಗಟ್ಟಿಯಾಗಿದೆಯೋ ಮೆತ್ತಗಿದೆಯೋ ನೋಡಬೇಕು, ಬೆನ್ನಡಿಯ ಬಟ್ಟೆಯಲ್ಲಿ ರಕ್ತ ನಿಂತಿದೆಯೇ ಎಂದು ಕೈ ಹಾಕಿ ನೋಡಬೇಕು. ತಾಯಿಯನ್ನು ಕೇಳಿದರೆ ಆಕೆ "ಏನಿಲ್ಲ ಸಿಸ್ಟರ್, ಸ್ವಲ್ಪ ಬಾಯಾರಿಕೆ ಅಷ್ಟೇ" ಎನ್ನಬಹುದು. ಆ ಬಾಯಾರಿಕೆಯನ್ನು ನಿರ್ಲಕ್ಷಿಸಬಾರದೆಂದು ನೆನಪಿಸುವ ಯಂತ್ರವೊಂದು ಮಂಚದ ಪಕ್ಕದಲ್ಲಿರುವುದು ದೊಡ್ಡ ಸಂಗತಿ. ದೇಶದ ಗರ್ಭಿಣಿಯರಲ್ಲಿ ಶೇಕಡ 52.2 ಮಂದಿಗೆ ರಕ್ತಹೀನತೆಯಿದೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅಂಥವರಿಗೆ 500 ಎಂಎಲ್ ರಕ್ತ ಹೋದರೂ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ.

ಇನ್ನು ದೂರುಗಳು. ಮೊದಲನೆಯದು ಹಳದಿಯ ವ್ಯಾಪ್ತಿ. 0.9ರಿಂದ 1.69ರವರೆಗೂ ಒಂದೇ ಬಣ್ಣ ಎಂಬುದು ನನಗೆ ಒಪ್ಪಿಗೆಯಾಗುವುದಿಲ್ಲ. ನಾಡಿ 140, ಬಿಪಿಯ ಮೇಲಿನ ಅಂಕಿ 90 ಇರುವ ಬಾಣಂತಿಯ ಸೂಚ್ಯಂಕ 1.56, ಅನುಭವವಿರುವ ಯಾವ ನರ್ಸ್‌ಗೂ ಆಕೆಯನ್ನು ಕಂಡರೆ ಕೈಕಾಲು ಓಡದಂತಾಗುತ್ತದೆ, ಆದರೆ ಯಂತ್ರ ಆಗಲೂ ಹಳದಿಯನ್ನೇ ತೋರಿಸುತ್ತದೆ. ಟ್ರಾಫಿಕ್ ಸಿಗ್ನಲ್ ನೋಡಿ ಬೆಳೆದ ನಮಗೆ ಹಳದಿಯೆಂದರೆ ಇನ್ನೂ ಸ್ವಲ್ಪ ಸಮಯವಿದೆ ಎಂಬ ಭಾವನೆ. ಹೀಗಾಗಿ ಹೆರಿಗೆಯ ನಂತರದ ಹಳದಿ ಕೆಳಬಾಣವನ್ನು ತುರ್ತು ಪರಿಸ್ಥಿತಿಯೆಂದೇ ಕಾಣಬೇಕೆಂದು ತರಬೇತಿಯಲ್ಲಿ ಒತ್ತಿ ಹೇಳಲೇಬೇಕು. ಪರದೆಯಲ್ಲಿ ಬಿಪಿ ಮತ್ತು ನಾಡಿಯ ಅಂಕಿಗಳಷ್ಟೇ ಕಾಣುತ್ತವೆ. ಸೂಚ್ಯಂಕವನ್ನು ಭಾಗಿಸಿ ಕೇಸ್ ಶೀಟಿನಲ್ಲಿ ಬರೆಯುವ ರೂಢಿ ಮಾಡಿಸಿದರೆ, 0.95ರಿಂದ 1.2ಕ್ಕೆ, ಅಲ್ಲಿಂದ 1.4ಕ್ಕೆ ಏರುತ್ತಿರುವುದು ಕಣ್ಣಿಗೆ ಬೀಳುತ್ತದೆ. ಕಂಪನಿಯವರು ಈ ಅಂಕಿಯನ್ನು ಪರದೆಯ ಮೇಲೇ ತೋರಿಸಿದರೆ ಯಂತ್ರದ ಉಪಯೋಗ ಇನ್ನೂ ಹೆಚ್ಚುತ್ತದೆ.

ಎರಡನೆಯ ದೂರು ಇದಕ್ಕಿಂತ ಗಂಭೀರವಾದದ್ದು. ಪ್ರಿ-ಎಕ್ಲಾಂಪ್ಸಿಯಾ ಇರುವ ತಾಯಿಗೆ ರಕ್ತಸ್ರಾವವಾದಾಗ ಯಂತ್ರ ದಾರಿ ತಪ್ಪಿಸಬಲ್ಲದು. ಆಕೆಯ ಬಿಪಿ 150/96, ನಾಡಿ 124 ಎಂದಿಟ್ಟುಕೊಳ್ಳಿ. ಸೂಚ್ಯಂಕ 0.83 ಮಾತ್ರ, ಆದ್ದರಿಂದ ಉರಿಯುವುದು ಮೇಲ್ಮುಖದ ಹಳದಿ ಬಾಣ. ಆಕೆಯ ಬಿಪಿ ಮೊದಲು 170 ಇತ್ತು, ಈಗ ಇಳಿಯುತ್ತಿದೆ ಎಂಬುದು ಯಂತ್ರಕ್ಕೆ ಗೊತ್ತಿಲ್ಲ. ಈ ಕಾಯಿಲೆಯಲ್ಲಿ ರಕ್ತನಾಳಗಳು ಬಿಗಿದುಕೊಂಡು ರಕ್ತದ ನೀರಿನಂಶ ಹೊರಗೆ ಸೋರಿರುವುದರಿಂದ, ಬೇರೆ ಗರ್ಭಿಣಿಯರಲ್ಲಿ ಕೂಡಿಟ್ಟಿರುವ ಹೆಚ್ಚುವರಿ ರಕ್ತ ಆಕೆಯಲ್ಲಿ ಇರುವುದೇ ಇಲ್ಲ. ಕಡಿಮೆ ರಕ್ತ ಹೋದರೂ ಆಕೆ ಬೇಗ ಕುಸಿಯುತ್ತಾಳೆ. ಮಾಸು ಹೆರಿಗೆಗೆ ಮೊದಲೇ ಬಿಟ್ಟುಕೊಂಡು ರಕ್ತ ಒಳಗೇ ನಿಂತಿದ್ದರೆ ಹೊರಗೆ ಕಾಣುವ ರಕ್ತಕ್ಕೂ ಆಗಿರುವ ನಷ್ಟಕ್ಕೂ ಸಂಬಂಧವೇ ಇರುವುದಿಲ್ಲ. ಬಿಪಿ ಇಳಿಸಲು ಲ್ಯಾಬೆಟಲಾಲ್ ಕೊಟ್ಟಿದ್ದರೆ ನಾಡಿ ಓಡುವುದಕ್ಕೂ ಅಡ್ಡಿಯಾಗಿ, 102ಕ್ಕೆ ಇಳಿದ ಬಿಪಿಯ ಜೊತೆ 88ರ ನಾಡಿ ಸೇರಿ ಹಸಿರು ದೀಪವೇ ಕಾಣಿಸಬಹುದು. ಹಸಿರು ಕಂಡ ಕೂಡಲೇ ಮಂಚ ಬಿಟ್ಟು ಹೋಗಬಾರದೆಂದು ಇಂಥವರ ವಿಷಯದಲ್ಲಿ ಕಟ್ಟುನಿಟ್ಟಾಗಿ ಹೇಳಬೇಕಾಗುತ್ತದೆ.

ಸೋಂಕಿನಿಂದ ಬರುವ ಶಾಕ್ ಸ್ಥಿತಿಯ ದಾರಿ ಬೇರೆ. ಅಲ್ಲಿ ರಕ್ತ ಹೊರಗೆ ಹೋಗುವುದಿಲ್ಲ, ರಕ್ತನಾಳಗಳೇ ಸಡಿಲಗೊಳ್ಳುತ್ತವೆ; ಮೊದಮೊದಲು ಕೈಕಾಲು ಬೆಚ್ಚಗೇ ಇರುತ್ತವೆ. ಯಂತ್ರ ಇದನ್ನೂ ಕೆಳಬಾಣದಿಂದಲೇ ಸೂಚಿಸುತ್ತದೆ, ಜ್ವರ ಮತ್ತು ಉಸಿರಾಟದ ವೇಗವನ್ನು ನೋಡುವ ಹೊಣೆ ನಮ್ಮದು. ಗರ್ಭನಾಳದಲ್ಲಿ ನಿಂತ ಗರ್ಭ ಒಡೆದು ಹೊಟ್ಟೆಯೊಳಗೆ ರಕ್ತಸ್ರಾವವಾದವರಲ್ಲಿಯೂ ಇದು ಉಪಯುಕ್ತ. ಮುಟ್ಟು ನಿಂತು ಹೊಟ್ಟೆನೋವೆಂದು ಬಂದ ಯುವತಿಯನ್ನು ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳಿಸುವುದನ್ನು ಒಂದು ಹಳದಿ ಬಾಣ ತಪ್ಪಿಸಬಲ್ಲದು. ಹೊಟ್ಟೆಯಲ್ಲಿ ರಕ್ತ ತುಂಬಿದ ಕೆಲವರಲ್ಲಿ ನಾಡಿ ಏರುವ ಬದಲು ನಿಧಾನವಾಗುವುದೂ ಉಂಟೆಂಬುದನ್ನು ಮಾತ್ರ ಮರೆಯಬಾರದು.

ಬದುಕಿ ಮನೆಗೆ ಹೋದವರ ಮಾತನ್ನೂ ಇಲ್ಲಿ ಹೇಳಬೇಕು. ಗರ್ಭಾವಸ್ಥೆಯಲ್ಲಿ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ದೊಡ್ಡದಾಗಿರುತ್ತದೆ, ಅದರ ರಕ್ತದ ಪೂರೈಕೆ ಅಷ್ಟಾಗಿ ಹೆಚ್ಚಿರುವುದಿಲ್ಲ. ಹೆರಿಗೆಯ ರಕ್ತಸ್ರಾವದಲ್ಲಿ ಬಿಪಿ ಬಹಳ ಹೊತ್ತು ಬಿದ್ದಿದ್ದರೆ ಗ್ರಂಥಿಯ ಮುಂಭಾಗ ಸತ್ತುಹೋಗಬಹುದು. ಹೆರಾಲ್ಡ್ ಶೀಹನ್ ಅವರು 1937ರಲ್ಲಿ ವಿವರಿಸಿದ ಈ ತೊಂದರೆಗೆ ಅವರದೇ ಹೆಸರಿದೆ. ಎದೆಹಾಲು ಬರುವುದಿಲ್ಲ, ಮುಟ್ಟು ಮರಳುವುದಿಲ್ಲ, ಮುಂದೆ ಗರ್ಭ ನಿಲ್ಲುವುದು ಕಷ್ಟವಾಗುತ್ತದೆ, ಸುಸ್ತು ಬಿಡುವುದೇ ಇಲ್ಲ. ಬಾಣಂತನ ಸರಿಯಾಗಿ ಮಾಡಲಿಲ್ಲವೆಂದೋ, ಪಥ್ಯ ತಪ್ಪಿತೆಂದೋ ಮನೆಯವರು ವರ್ಷಗಟ್ಟಲೆ ಅಂದುಕೊಂಡಿರುವ ಎಷ್ಟೋ ಹೆಣ್ಣುಮಕ್ಕಳ ಕಷ್ಟದ ಮೂಲ ಹೆರಿಗೆಯ ದಿನದ ಆ ಅರ್ಧ ಗಂಟೆಯಲ್ಲಿರುತ್ತದೆ. ಶಾಕ್ ಸ್ಥಿತಿಯನ್ನು ಹತ್ತು ನಿಮಿಷ ಮೊದಲೇ ಗುರುತಿಸುವುದರ ಬೆಲೆಯನ್ನು ತಾಯಿಯ ಸಾವಿನ ಅಂಕಿಯಿಂದ ಮಾತ್ರ ಅಳೆಯಲಾಗದೆಂದು ನಾನು ಹೇಳುವುದು ಇದಕ್ಕೇ.

ಹಾಗಾದರೆ ಯಂತ್ರ ಜೀವ ಉಳಿಸಿದೆಯೇ? ಭಾರತ, ಹೈಟಿ ಮತ್ತು ಆಫ್ರಿಕಾದ ಹಲವು ದೇಶಗಳಲ್ಲಿ ಐದು ಲಕ್ಷಕ್ಕೂ ಮೀರಿದ ಹೆರಿಗೆಗಳನ್ನು ಒಳಗೊಂಡು ನಡೆದ ಅಧ್ಯಯನದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಎಕ್ಲಾಂಪ್ಸಿಯಾ (ಪ್ರಿ-ಎಕ್ಲಾಂಪ್ಸಿಯಾ ಫಿಟ್ಸ್‌ಗೆ ತಿರುಗುವುದು), ತುರ್ತಾಗಿ ಗರ್ಭಕೋಶ ತೆಗೆಯುವುದು ಮತ್ತು ತಾಯಿಯ ಸಾವು, ಈ ಮೂರೂ ಸೇರಿ ಹತ್ತು ಸಾವಿರ ಹೆರಿಗೆಗೆ 79.4 ಇದ್ದದ್ದು ಯಂತ್ರ ಬಂದ ಮೇಲೆ 72.8ಕ್ಕೆ ಇಳಿಯಿತು, ಆದರೆ ಅದೇ ಅವಧಿಯಲ್ಲಿ ತನ್ನಷ್ಟಕ್ಕೆ ಆಗುತ್ತಿದ್ದ ಬದಲಾವಣೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಈ ಇಳಿಕೆ ಯಂತ್ರದಿಂದಲೇ ಆದದ್ದೆಂದು ಖಚಿತವಾಗಿ ಹೇಳಲಾಗಲಿಲ್ಲ. ನನಗೆ ಇದು ನಿರಾಶೆಯ ಸುದ್ದಿಯೆನಿಸುವುದಿಲ್ಲ. ಬಾಣ ಉರಿದ ಮೇಲೆ ಗರ್ಭಕೋಶವನ್ನು ಮುದುಡಿಸುವ ಆಕ್ಸಿಟೋಸಿನ್ ಫ್ರಿಜ್ಜಿನಲ್ಲಿರಬೇಕು, ಹೆರಿಗೆಯಾದ 3 ಗಂಟೆಯೊಳಗೆ ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ ಹೋಗಬೇಕು, ಮೇಲ್ಮುಖದ ಕೆಂಪಿಗೆ ಫಿಟ್ಸ್ ತಡೆಯುವ ಮೆಗ್ನೀಷಿಯಂ ಸಲ್ಫೇಟಿನ ಮೊದಲ ಡೋಸ್ ಸಿದ್ಧವಿರಬೇಕು, 108 ಬರಬೇಕು, ಹೋದ ಆಸ್ಪತ್ರೆಯಲ್ಲಿ ರಕ್ತ ಸಿಗಬೇಕು. ಇವುಗಳಲ್ಲಿ ಒಂದು ತಪ್ಪಿದರೂ ದೀಪ ಉರಿದು ಪ್ರಯೋಜನವಿಲ್ಲ. 2018-20ರ ಲೆಕ್ಕದಲ್ಲಿ ಲಕ್ಷ ಜೀವಂತ ಜನನಗಳಿಗೆ ಕೇರಳದಲ್ಲಿ 19 ತಾಯಂದಿರು ಸತ್ತರೆ ನಮ್ಮಲ್ಲಿ 69. ದಕ್ಷಿಣದ ರಾಜ್ಯಗಳಲ್ಲೆಲ್ಲ ಇದೇ ಹೆಚ್ಚು. ಆ ಅಂತರವನ್ನು ಒಂದು ಯಂತ್ರ ತುಂಬುತ್ತದೆಂದು ಅದನ್ನು ಮಾಡಿದವರೂ ಹೇಳಲಾರರು.

ಇಷ್ಟೆಲ್ಲ ತಿಳಿದೂ ನಾನು ಇದನ್ನು ಕೊಳ್ಳಿರೆಂದೇ ಹೇಳುತ್ತೇನೆ. ಮಾನಿಟರ್‌ಗಳಿರುವ ದೊಡ್ಡ ಆಸ್ಪತ್ರೆಯ ಐಸಿಯುಗೆ ಇದರ ಅಗತ್ಯವಿಲ್ಲ. ಹೆರಿಗೆ ಕೋಣೆಯಿಂದ ತಾಯಿಯನ್ನು ಸ್ಥಳಾಂತರಿಸುವ ಬಾಣಂತಿ ವಾರ್ಡ್, ಉಪಕೇಂದ್ರ, ಆ್ಯಂಬುಲೆನ್ಸ್, ಈ ಮೂರು ಕಡೆ ಇದು ಇರಲೇಬೇಕು. ಕೊಂಡವರು ದಪ್ಪ ತೋಳಿಗೆ ಹೊಂದುವ ಪಟ್ಟಿಯನ್ನೂ ಜೊತೆಗೇ ತರಿಸಿಕೊಳ್ಳಿ, ಚಿಕ್ಕ ಪಟ್ಟಿ ಸುತ್ತಿದರೆ ಬಿಪಿ ಹೆಚ್ಚು ತೋರಿಸುತ್ತದೆ. ಹೆರಿಗೆಯಾದ ಮೊದಲ ಎರಡು ಗಂಟೆ ಹದಿನೈದು ನಿಮಿಷಕ್ಕೊಮ್ಮೆ ನೋಡಿ, ಮೂರು ಅಂಕಿಗಳ ಪಕ್ಕದಲ್ಲಿ ಸೂಚ್ಯಂಕವನ್ನೂ ಬಾಣದ ದಿಕ್ಕನ್ನೂ ಬರೆಯಿರಿ. ನಾಡಿ ತೀರಾ ಕ್ಷೀಣವಾಗಿ ಯಂತ್ರ ಅಂಕಿ ಕೊಡದೆ ಎರರ್ ತೋರಿಸಿದರೆ ಮತ್ತೆ ಮತ್ತೆ ಗಾಳಿ ಒತ್ತುತ್ತಾ ನಿಲ್ಲಬೇಡಿ. ಅದನ್ನು ಕೆಂಪು ಬಾಣವೆಂದೇ ತಿಳಿದು ಡಾಕ್ಟರನ್ನು ಕೂಗಿ.