ವೃಷಣದ ಬಯಾಪ್ಸಿ: ಬುವಾನ್ ದ್ರಾವಣವೋ, ಫಾರ್ಮಲಿನ್ನೋ?

ಬಯಾಪ್ಸಿಗೆಂದು, ಅಂದರೆ ಸೂಕ್ಷ್ಮದರ್ಶಕದಲ್ಲಿ ನೋಡಲೆಂದು ತೆಗೆದ ಅಂಗಾಂಶದ ತುಣುಕು ಕೆಡದಂತೆ ಅದನ್ನು ಬುವಾನ್ ಅಥವಾ ಫಾರ್ಮಲಿನ್ (ನೀರಿನಲ್ಲಿ ಕರಗಿಸಿದ ಫಾರ್ಮಾಲ್ಡಿಹೈಡ್) ದ್ರಾವಣದಲ್ಲಿ ಇಡುತ್ತಾರೆ. ವೃಷಣದಲ್ಲಿ ವೀರ್ಯಾಣು ಬೆಳವಣಿಗೆಯ ಹಂತಗಳನ್ನು ಗುರುತಿಸಬೇಕಿದ್ದರೆ ಬುವಾನ್ ದ್ರಾವಣವೇ ಮೇಲು. 10% ಫಾರ್ಮಲಿನ್‌ನಲ್ಲಿಟ್ಟ ವೃಷಣದ ನಳಿಕೆಗಳು (ವೀರ್ಯಾಣು ಹುಟ್ಟುವ ಕೊಳವೆಗಳು) ಕುಗ್ಗಿ ಒಂದರಿಂದೊಂದು ದೂರ ಸರಿಯುತ್ತವೆ, ಕೋಶಕೇಂದ್ರಗಳು ಮಸುಕಾಗುತ್ತವೆ. ಬುವಾನ್‌ನಲ್ಲಿ ಪಿಕ್ರಿಕ್ ಆಮ್ಲದ ಸಂತೃಪ್ತ ದ್ರಾವಣ 75, ಗಾಢ ಫಾರ್ಮಲಿನ್ 25, ಗ್ಲೇಶಿಯಲ್ (ನೀರು ಬೆರೆಸದ) ಅಸಿಟಿಕ್ ಆಮ್ಲ 5 ಭಾಗ. ಇದರಲ್ಲಿಟ್ಟರೆ ಕೋಶಕೇಂದ್ರದೊಳಗಿನ ಕ್ರೊಮ್ಯಾಟಿನ್ (ಡಿಎನ್ಎ ಮತ್ತು ಪ್ರೋಟೀನ್‌ಗಳ ಎಳೆ) ಎಳೆಎಳೆಯಾಗಿ ಕಾಣುತ್ತದೆ. ಆದರೆ ದಿನಗಟ್ಟಲೆ ಬಿಟ್ಟರೆ ಅಂಗಾಂಶ ಪೆಡಸಾಗಿ, ಕೊಯ್ಯುವಾಗ ಬಿರಿಯುತ್ತದೆ. ಆಮೇಲೆ 70% ಆಲ್ಕೋಹಾಲ್‌ನಲ್ಲಿ ಪಿಕ್ರಿಕ್ ಆಮ್ಲದ ಹಳದಿ ಬಣ್ಣ ಇಳಿಯುವ ತನಕ ತೊಳೆಯಬೇಕು. ಬಾಟಲಿಯ ಬಾಯಲ್ಲಿ ಪಿಕ್ರಿಕ್ ಆಮ್ಲ ಒಣಗಲು ಬಿಡಬೇಡಿ, ಒಣಗಿದರೆ ಅದು ಸ್ಫೋಟಕ!

ಗರ್ಭಕೋಶದ ಒಳಪೊರೆ, ಅಂಡಾಶಯಗಳಿಗೆ ಸಾಮಾನ್ಯವಾಗಿ ಫಾರ್ಮಲಿನ್ ಸಾಕು. ಡಿಎನ್‌ಎ ಪರೀಕ್ಷೆ ಇದ್ದರಂತೂ ಬುವಾನ್ ಬೇಡವೇ ಬೇಡ, ಅದರ ಆಮ್ಲ ಡಿಎನ್‌ಎಯನ್ನು ತುಂಡರಿಸುತ್ತದೆ. ವೃಷಣದ ತುಣುಕನ್ನು ಇಕ್ಕಳದಿಂದ ಹಿಚುಕಿದ್ದರೆ ಮಾತ್ರ ಯಾವ ದ್ರಾವಣವೂ ಕಾಪಾಡದು: ಕೋಶಗಳು ನಳಿಕೆಯ ನಡುವಿಗೆ ಉದುರಿ, ಇಲ್ಲದ ರೋಗ ಇದ್ದಂತೆ ತೋರುತ್ತದೆ.